ಏನೂ ಗೊತ್ತಾಗುವುದಿಲ್ಲ

ಕಳೆದ ತಿಂಗಳು ಹೇರೂರಿಗೆ ಒಂದು ಹಳೆಯ ಜೀಪು ನೋಡಲು ಹೋಗಿದ್ದೆ. ಹತ್ತಿ ಕೂತೆ. ಸ್ಟಾರ್ಟ್ ಮಾಡಿ ನಾಲ್ಕು ತಿರುವು ಓಡಿಸಿದೆ. ವಾಪಸ್ ತಂದು ಅಂಗಳದಲ್ಲಿ ನಿಲ್ಲಿಸಿದೆ. ಇಳಿಯಲು ಆಗಲಿಲ್ಲ.

ಜೀಪಿನ ಬಾಗಿಲು ಕೆಟ್ಟಿರಲಿಲ್ಲ. (ಆ ಜೀಪಿಗೆ ಬಾಗಿಲೇ ಇರಲಿಲ್ಲ.) ಕೆಟ್ಟಿದ್ದು ನನ್ನ ಬೆನ್ನು. ಸೊಂಟದಲ್ಲಿ ಹುಟ್ಟಿದ ನೋವು ತೊಡೆಯ ಹಿಂದಿನಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಸುಡುತ್ತಾ ಇಳಿಯಿತು. ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತೆ. ನಾನು ರೇಟಿನ ಲೆಕ್ಕ ಹಾಕುತ್ತಿದ್ದೇನೆ ಎಂದುಕೊಂಡು ಜೀಪಿನ ಮಾಲೀಕರು ದೂರವೇ ನಿಂತರು. ಆಮೇಲೆ ಹತ್ತಿರ ಬಂದು ಮುಖ ನೋಡಿದರು.

"ಎಂತ ಆತು ಮಾರಾಯ್ರೆ? ಮೊಕ ಎಲ್ಲ ಬೆವರ್ತಾ ಇದ್ದು!"

"ಎಂತಿಲ್ಲೆ. ಸೀಟು ಸ್ವಲ್ಪ ಗಟ್ಟಿ ಇದ್ದು" ಎಂದೆ.

"ಸೀಟು ಬದಲ್ಸಲಕ್ಕು. ಬೇಕಾರೆ ರೇಟಲ್ಲೂ ಸ್ವಲ್ಪ ಬಿಡ್ತೆ. ನಿಂಗ ಮೊದ್ಲು ಇಳೀರಿ."

ಲಾರಿ ಕ್ಲೀನರ್ ಆಗಿ ಶುರು ಮಾಡಿ, ಶಿರಸಿಯಲ್ಲಿ ಹಳೆಯ ಗಾಡಿಗಳ ವ್ಯಾಪಾರಕ್ಕೆ ನಿಂತವನು ನಾನು. ಕೇಳದೆ, ಕಾಡದೆ, ಎದ್ದು ಹೊರಟಂತೆ ಮಾಡದೆ ಒಂದು ಗಾಡಿಯ ಬೆಲೆ ಇಳಿದದ್ದು ಇದೇ ಮೊದಲು. ಖುಷಿಯಾಗಬೇಕಿತ್ತು. ಅಳು ಬಂತು.

ಯಾಕೆ ಗೊತ್ತೇ? ಚೌಕಾಸಿ ಮಾಡುವವನ ಬಂಡವಾಳ ಅವನ ಮುಖ. ಗಾಡಿ ಎಷ್ಟೇ ಇಷ್ಟವಾಗಲಿ, ಮುಖ ಮಾತ್ರ ಬ್ಯಾಂಕಿನ ಬಾಗಿಲಿನಂತೆ ಇರಬೇಕು. ನನ್ನ ಮುಖ ನೋಡಿ ಒಬ್ಬರು ಕನಿಕರಪಟ್ಟು ಬೆಲೆ ಇಳಿಸಿದರು ಎಂದ ಮೇಲೆ ನನ್ನ ಅಂಗಡಿಯ ಶಟರ್ ಅರ್ಧ ಎಳೆದಂತೆಯೇ ಸರಿ.

ಅವರೂ ಅವರ ಹೆಂಡತಿಯೂ ಸೇರಿ ನನ್ನನ್ನು ಇಳಿಸಿದರು. ಜೀಪು ಕೊಳ್ಳಲಿಲ್ಲ.

ಆಮೇಲಿನ ದಾರಿ ನಿಮಗೂ ಗೊತ್ತಿರುತ್ತದೆ. ಎಣ್ಣೆ, ಬಿಸಿನೀರು, ನೆಲದ ಮೇಲೆ ಮಲಗುವುದು, ಸೊಂಟಕ್ಕೆ ಪಟ್ಟಿ, ಕೊನೆಗೆ ಸ್ಕ್ಯಾನ್. (ಬಿಟ್ಟಿ ಸಲಹೆ: ಪಟ್ಟಿಯನ್ನು ಆನ್‌ಲೈನಿನಲ್ಲಿ ತರಿಸಬೇಡಿ, ಅಂಗಡಿಗೆ ಹೋಗಿ ಕಟ್ಟಿ ನೋಡಿ, ಕೂತು ಎದ್ದು ನೋಡಿ, ಆಮೇಲೆ ತೆಗೆದುಕೊಳ್ಳಿ.) ಸ್ಕ್ಯಾನ್ ನೋಡಿದ ಹುಬ್ಬಳ್ಳಿಯ ಡಾಕ್ಟರು ಬೆನ್ನುಮೂಳೆಯ ಸಂದಿನಲ್ಲಿ ನರ ಒತ್ತುತ್ತಿದೆ ಎಂದರು. ಆ ನರದ ಬುಡಕ್ಕೆ ಇಂಜೆಕ್ಷನ್ ಕೊಡೋಣ, ಬಹಳ ಜನರಿಗೆ ಹಿಡಿಸುತ್ತದೆ, ಎಲ್ಲರಿಗೂ ಅಂತ ಹೇಳಲಾರೆ ಎಂದರು. ನ್ಯಾಯವಾದ ಮಾತು. ಗ್ಯಾರಂಟಿ ಕೊಡದ ಮೆಕ್ಯಾನಿಕ್ಕನ್ನೇ ನಾನು ನಂಬುವುದು.

"ಸ್ವಲ್ಪ ಮಂಪರು ಬರೋ ಔಷಧ ಕೊಡ್ತೀವ್ರಿ. ಏನೂ ಗೊತ್ತಾಗಂಗಿಲ್ಲ" ಎಂದರು ಕೊನೆಯಲ್ಲಿ.

ಅಲ್ಲಿ ನಾನು ಹೆದರಿಬಿಟ್ಟೆ.

ಸೂಜಿಗೆ ನಾನು ಹೆದರುವವನಲ್ಲ. ಜಾಕ್ ಜಾರಿ ಕೈ ಸಿಕ್ಕಿಬಿದ್ದಾಗ ಹೊಲಿಗೆ ಹಾಕುವುದನ್ನು ನೋಡುತ್ತಾ ಕೂತಿದ್ದವನು. ನನಗೆ ಭಯ ಆ ಎರಡು ಶಬ್ದದ್ದು. ಏನೂ ಗೊತ್ತಾಗುವುದಿಲ್ಲ. ಇದನ್ನು ಜನ ಸಮಾಧಾನದ ಮಾತು ಎಂದುಕೊಂಡಿದ್ದಾರಲ್ಲ! ಮನೆ ಕಟ್ಟುವ ಕಂಟ್ರಾಕ್ಟರ್ "ನೀವು ಸೈಟಿಗೆ ಬರೋದೇ ಬೇಡ" ಎಂದರೆ ನೀವು ನಿಶ್ಚಿಂತೆಯಿಂದ ಮಲಗುತ್ತೀರಾ? ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೆ: ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಚಹಾ ಕುಡಿಯಲು ಹೋಗಬೇಡಿ, ಬಾನೆಟ್ ಎತ್ತಿದಾಗ ಪಕ್ಕದಲ್ಲೇ ನಿಂತಿರಿ. ಈಗ ನನ್ನ ಬಾನೆಟ್ಟನ್ನೇ ಎತ್ತುವಾಗ ನಾನು ಚಹಾಕ್ಕೆ ಹೋಗಬೇಕು!

ಹೇಳಿದ ದಿನ ಬೆಳಿಗ್ಗೆ ಹೊರಟೆವು. ಬಾಡಿಗೆ ಡ್ರೈವರ್ ಮುಂದೆ, ಅವನ ಪಕ್ಕ ನನ್ನ ಹೆಂಡತಿ ಮಂಜುಳಾ, ಹಿಂದಿನ ಸೀಟಿನಲ್ಲಿ ಮಡಚಿಕೊಂಡು ನಾನು. ಯಲ್ಲಾಪುರದಲ್ಲಿ ಬಿಡಿಭಾಗಗಳ ಅಂಗಡಿಯ ನನ್ನ ಹಳೆಯ ಸ್ನೇಹಿತ ಕಾದಿದ್ದ. ಅವನಿಗೆ ಹೋದ ವರ್ಷ ಇದೇ ಇಂಜೆಕ್ಷನ್ ಆಗಿತ್ತು. ಕಿಟಕಿಯಲ್ಲಿ ತಲೆ ತೂರಿಸಿದ.

"ಹೆದರ್ಬೇಡಿ ಮಾರಾಯ್ರೆ. ನಿದ್ದೆ ಅಂದ್ರೆ ಅದು ನಿದ್ದೆ! ನಾನು ಹುಟ್ಟಿದ್ಮೇಲೆ ಅಂಥಾ ನಿದ್ದೆ ಮಾಡಿದ್ದೇ ಇಲ್ಲ."

"ನೋವು?"

"ನೋವು ಸುಮಾರು ದಿವ್ಸ ಇರ್ಲಿಲ್ಲ. ಈಗ ವಾಪಸ್ ಬಂದದೆ. ಆದ್ರೆ ಆ ನಿದ್ದೆ ಮಾತ್ರ..."

ಜನರಿಗೆ ಏನು ಬೇಕಾಗಿದೆ ನೋಡಿ. ನೋವು ಹೋಗದಿದ್ದರೂ ಅಡ್ಡಿಯಿಲ್ಲ, ಸ್ವಲ್ಪ ಹೊತ್ತು ತಮ್ಮಿಂದ ತಾವು ತಪ್ಪಿಸಿಕೊಂಡರೆ ಸಾಕು. ನನಗೆ ಆ ಪುಣ್ಯವೂ ಇಲ್ಲ.

ಆಸ್ಪತ್ರೆಯಲ್ಲಿ ಮಂಪರು ಕೊಡುವ ಡಾಕ್ಟರು ಬಂದು ಮಂಚದ ಪಕ್ಕ ನಿಂತರು. ನಡುವಯಸ್ಸಿನ ಹೆಂಗಸು, ನಗುಮುಖ. ನಾನು ನನಗೆ ಗೊತ್ತಿರುವ ಕೆಲಸ ಶುರು ಮಾಡಿದೆ.

"ಅರ್ಧ ಡೋಸ್ ಕೊಟ್ರೆ ಆಗೋದಿಲ್ವಾ ಮೇಡಂ?"

"ಇದೇನ್ ಸಂತಿ ಅಂದ್ಕೊಂಡೀರೇನ್ರೀ?" ಎಂದು ಅವರು ಜೋರಾಗಿ ನಕ್ಕರು.

"ಕಾಲು ಭಾಗ?"

"ಅವ್ರಿಗೇ ಕಲಿಸ್ಲಕ್ಕೆ ಹೋಗಡಿ ನಿಂಗ" ಎಂದಳು ಮಂಜುಳಾ, ಮೆಲ್ಲಗೆ.

"ಅಂಜಬ್ಯಾಡ್ರಿ. ಸಣ್ಣಂಗ ತೂಕಡಿಕಿ ಬಂದಂಗ ಆಗತೈತಿ, ಅಷ್ಟ. ನಾವು ಕರದ್ರ ಓ ಅಂತೀರಿ. ನಾನು ಇಲ್ಲೇ ಬಾಜೂಕ ಕೂತಿರ್ತೀನಿ. ಏನೂ ಗೊತ್ತಾಗಂಗಿಲ್ಲ."

ಮತ್ತೆ ಅದೇ! ಆಗ ನಾನು ಚೌಕಾಸಿ ಬಿಟ್ಟು ಆಯಿಯ ವಿಷಯ ಹೇಳಿದೆ. ನಿಮಗೂ ಹೇಳುತ್ತೇನೆ. ಇಷ್ಟು ದಿನ ಬರೆದಿರಲಿಲ್ಲ.

ನನ್ನ ಆಯಿ, ಅಂದರೆ ತಾಯಿ, ಎರಡು ವರ್ಷದ ಹಿಂದೆ ಬಚ್ಚಲಿನಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಇನ್ನೊಂದು ಆಸ್ಪತ್ರೆಯಲ್ಲಿ ಆಪರೇಶನ್. ಪೂರ್ತಿ ನಿದ್ದೆ ಬರಿಸಿಯೇ ಮಾಡಬೇಕಾಯಿತು. ಒಳಗೆ ಒಯ್ಯುವಾಗ ಯಾರೋ ಅವಳ ಭುಜ ತಟ್ಟಿ ಹೇಳಿದರು: ಅಜ್ಜೀ, ಏನೂ ಗೊತ್ತಾಗಲ್ಲ.

ಸಂಜೆ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಸಾಮಾನ್ಯವಾಗಿ ಅವಳ ಮೊದಲ ಮಾತು "ತಮಾ, ಊಟ ಮಾಡಿದ್ಯ?" ವ್ಯಾಪಾರ ಕೈಹಿಡಿದ ಮೇಲೆ ಊರೆಲ್ಲ ನನಗೆ ಬಹುವಚನ. ಹೆಂಡತಿ ಮೊದಲಿನಿಂದಲೂ ಬಹುವಚನ. ನನ್ನನ್ನು ತಮಾ ಎನ್ನುವವಳು, ನೀನು ಎನ್ನುವವಳು ಇವಳೊಬ್ಬಳೇ ಉಳಿದಿದ್ದಳು. ಬೇರೆಯವರೆದುರು ನನ್ನನ್ನು "ನಮ್ಮನೆ ಮಾಣಿ", ಅಂದರೆ ನಮ್ಮ ಮನೆಯ ಹುಡುಗ, ಎನ್ನುತ್ತಿದ್ದಳು.

ಅವಳು ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಳು. "ಬನ್ನಿ, ಯಾವಾಗ ಬಂದ್ರಿ? ಕೂತ್ಗಳಿ. ಆಸ್ರಿಗೆ ಎಂತ ಕೊಡ್ಲಿ?" ಎಂದಳು.

(ಆಸರಿಗೆ ಎಂದರೆ ದಾಹಕ್ಕೆ ಕುಡಿಯುವುದು. ನಮ್ಮ ಕಡೆ ಮನೆಗೆ ಬಂದವರನ್ನು ಕೇಳುವ ಮೊದಲ ಮಾತು. ಬಂದವರನ್ನು ಕೇಳುವುದು. ಮನೆಯವರನ್ನು ಯಾರೂ ಕೇಳುವುದಿಲ್ಲ.)

ನಾನು ನಕ್ಕೆ. ನರ್ಸೂ ನಕ್ಕಳು. ವಯಸ್ಸಾದವರಿಗೆ ಹೀಗಾಗುತ್ತದೆ, ಕೆಲವು ದಿನದಲ್ಲಿ ತಿಳಿಯಾಗುತ್ತದೆ ಎಂದಳು. ಸ್ವಲ್ಪ ತಿಳಿಯಾಯಿತು ಕೂಡ. ಮನೆಗೆ ಬಂದ ಮೇಲೆ ತನ್ನ ಕೋಣೆ ಗುರುತಾಯಿತು. ತವರುಮನೆ ಉಮ್ಮಚಗಿಯ ದನಗಳ ಹೆಸರು ಒಂದೂ ಬಿಡದೆ ನೆನಪಿಗೆ ಬಂತು. ಮಂಜುಳಾಳನ್ನು "ಕೂಸೆ" ಎಂದು ಕರೆಯತೊಡಗಿದಳು. ನಾನು ಮಾತ್ರ ಇಂದಿಗೂ ಬಂದವರ ಲೆಕ್ಕದಲ್ಲೇ ಇದ್ದೇನೆ. ನೋಡಲು ಬಂದ ನೆಂಟರು ಜಗುಲಿಯಲ್ಲಿ ನಿಂತು ಹೇಳುತ್ತಾರೆ: "ಪಾಪ, ಅವಳಿಗೆ ಎಂತದೂ ಗೊತ್ತಾಗ್ತಿಲ್ಲೆ." ಇದನ್ನೂ ಸಮಾಧಾನಕ್ಕೇ ಹೇಳುತ್ತಾರೆ.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಅವಸರ ಮಾಡಲಿಲ್ಲ. ನಿಮ್ಮ ತಾಯಿಯ ವಯಸ್ಸು ಬೇರೆ, ಆಪರೇಶನ್ ದೊಡ್ಡದು, ಔಷಧವೂ ಬೇರೆ ಎಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: "ಮರೆವು ಅದಕ್ಕಿಂತ ಮೊದಲ ಒಳಗ ಶುರು ಆಗಿರಬೇಕ್ರಿ. ನಿಮಗ ಗೊತ್ತಾಗಿರಾಕಿಲ್ಲ."

ನನಗೆ ಗೊತ್ತಾಗಿರಲಿಲ್ಲ! ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟು, ಅದರ ಬೆಳಗಿನ ಕೆಮ್ಮನ್ನು ಮುಚ್ಚಿಡುವ ಮಾಲೀಕರನ್ನು ನಾನು ಗೇಟಿನಿಂದಲೇ ಹಿಡಿಯುತ್ತೇನೆ. ಬಾನೆಟ್ ಮೇಲೆ ಅಂಗೈ ಇಟ್ಟರೆ ಸಾಕು. ಆಯಿ ಒಂದೇ ಕಥೆಯನ್ನು ಒಂದೇ ಬೆಳಿಗ್ಗೆ ಮತ್ತೆ ಮತ್ತೆ ಹೇಳುವಾಗ ಹೂಂ ಹೂಂ ಎಂದು ಶೂ ಹಾಕಿಕೊಂಡು ಹೊರಟಿದ್ದೇನೆ. ಅವಳ ಹಣೆಯ ಮೇಲೆ ಯಾವತ್ತು ಕೈ ಇಟ್ಟು ನೋಡಿದ್ದೆ?

ಡಾಕ್ಟರ ಮಾತು ಸರಿ ಎಂದು ಬುದ್ಧಿಗೆ ತಿಳಿಯಿತು. ನನ್ನದು ತೂಕಡಿಕೆ, ಅವಳದು ನಿದ್ದೆ. ಎರಡಕ್ಕೂ ಸಂಬಂಧವಿಲ್ಲ. ಆದರೂ ಕೈ ಮುಗಿದು ಹೇಳಿದೆ, ಮಂಪರು ಬೇಡ, ಎಚ್ಚರದಲ್ಲೇ ಮಾಡಿ. ಇಂಜೆಕ್ಷನ್ ಕೊಡುವ ಡಾಕ್ಟರೂ ಬಂದರು. ಚರ್ಮಕ್ಕೆ ಮರಗಟ್ಟುವ ಔಷಧವನ್ನಷ್ಟೇ ಕೊಟ್ಟು ಮಾಡುವುದೂ ಉಂಟು, ಎಷ್ಟೋ ಜನರಿಗೆ ಹಾಗೇ ಮಾಡಿದ್ದೇನೆ, ಆದರೆ ನೀವು ಕಲ್ಲಿನಂತೆ ಮಲಗಿರಬೇಕು ಎಂದರು. ಒಪ್ಪಿದೆ. ಒಳಗೊಳಗೇ ಗೆದ್ದೆ ಎಂದುಕೊಂಡೆ.

ಕಲ್ಲಿನಂತೆ ಇರುವುದು ಇಷ್ಟು ಕಷ್ಟ ಎಂದು ಯಾರಿಗೆ ಗೊತ್ತಿತ್ತು?

ಬೋರಲು ಮಲಗಿಸಿದರು. ಬೆನ್ನಿಗೆ ತಣ್ಣನೆಯದನ್ನು ಬಳಿದರು. ತಲೆಯ ಮೇಲೆ ಎಕ್ಸ್‌ರೇ ಮಿಷನ್ ಬಂದು ನಿಂತಿತು. ಮುಖ ಕೆಳಗೆ, ಕಣ್ಣಿಗೆ ಕಾಣುವುದು ನೆಲದ ಟೈಲ್ಸ್ ಮಾತ್ರ. ಎಚ್ಚರವಾಗಿದ್ದೇನೆ, ಆದರೆ ನೋಡಿಕೊಳ್ಳುವಂಥದ್ದು ಒಂದೂ ಇಲ್ಲ. ಬಾನೆಟ್ಟಿನ ಪಕ್ಕ ನಿಂತೆ ಎಂದುಕೊಂಡವನು ಬಾನೆಟ್ಟಿನ ಅಡಿಯಲ್ಲಿದ್ದೆ.

ಸೂಜಿ ಒಳಗೆ ಹೋಯಿತು. ಮೊದಲು ಒತ್ತಿದಂತಾಯಿತು. ಆಮೇಲೆ ಎಡಗಾಲಿನಲ್ಲಿ ಕರೆಂಟು ಹರಿಯಿತು. ಜಿಗಿದೆ.

"ಅಲ್ಲಾಡಬ್ಯಾಡ್ರಿ!"

ಸೂಜಿ ಹಿಂದಕ್ಕೆ ತೆಗೆದರು. ಸುಧಾರಿಸಿಕೊಳ್ಳಲು ಬಿಟ್ಟರು. ಎರಡನೆಯ ಸಲ ಸೂಜಿ ತಾಗುವ ಮೊದಲೇ ನನ್ನ ಬೆನ್ನು ಬಿಲ್ಲಿನಂತೆ ಬಿಗಿಯಿತು. ಸಡಿಲ ಬಿಡಿ ಎಂದರು. ಬಿಡಲು ನೋಡಿದೆ. ದೇಹ ನನ್ನ ಮಾತು ಕೇಳಲಿಲ್ಲ. ಎಲ್ಲರನ್ನೂ ಮಾತಿನಲ್ಲಿ ಒಪ್ಪಿಸಿದವನು ನನ್ನದೇ ಸೊಂಟವನ್ನು ಒಪ್ಪಿಸಲಾರದೆ ಹೋದೆ.

ಡಾಕ್ಟರು ಕೈಗವಸು ಬಿಚ್ಚಿದ ಸದ್ದು ಕೇಳಿಸಿತು. "ಇವತ್ತು ಬ್ಯಾಡ್ರಿ. ಹಿಂಗ ಅಲ್ಲಾಡಿದ್ರ ನರಕ್ಕ ಪೆಟ್ಟಾಗತೈತಿ. ಮಂಪರಿಗೆ ಮನಸ್ಸು ಮಾಡಿಕೊಂಡು ಬರ್ರಿ." ಕೋಪವಿರಲಿಲ್ಲ. ಕೋಪ ಮಾಡಿದ್ದರೆ ಜಗಳಕ್ಕಾದರೂ ದಾರಿ ಇರುತ್ತಿತ್ತು.

ಬಂದ ದಾರಿಯಲ್ಲೇ ವಾಪಸ್. ಹಿಂದಿನ ಸೀಟು, ಅದೇ ಮಡಚುವಿಕೆ. ಕಾಲು ಉರಿಯುತ್ತಲೇ ಇತ್ತು. ಯಲ್ಲಾಪುರ ದಾಟಿದ ಮೇಲೆ ಮಂಜುಳಾ ರಸ್ತೆ ನೋಡುತ್ತಲೇ ಹೇಳಿದಳು: "ಎಲ್ಲರ ಹತ್ರನೂ ಗೆದ್ದೇ ಬತ್ರಿ ನಿಂಗ. ಇವತ್ತೂ ಗೆದ್ರಿ."

ಬೆನ್ನನ್ನು ಹೀಗೇ ಬಿಟ್ಟರೆ ಕೂರಲಾರೆ, ಗಾಡಿ ಓಡಿಸಲಾರೆ. ಗಾಡಿ ಓಡಿಸಿ ನೋಡದೆ ಕೊಳ್ಳುವುದು ಹೇಗೆ? ಮಂಪರಿಗೆ ಒಪ್ಪೋಣವೆಂದರೆ, ಎದ್ದ ಕೂಡಲೇ ಎದುರಿಗೆ ನಿಂತ ಮಂಜುಳಾಳಿಗೆ ನಾನೇ "ಬನ್ನಿ, ಕೂತ್ಗಳಿ" ಎಂದರೆ? ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರು ಹೇಳಿದ್ದು ನಿಜ. ಭಯಕ್ಕೆ ನಿಜ ಬೇಕಿಲ್ಲ. ಪ್ರತಿ ವಾರ ನಿಮಗೆ ಸಲಹೆ ಕೊಡುತ್ತಿದ್ದೆನಲ್ಲ, ಈ ವಾರ ನನ್ನ ಹತ್ತಿರ ಸ್ಟಾಕ್ ಇಲ್ಲ. (ಒಂದೇ ಒಂದು: ಡಾಕ್ಟರ ಹತ್ತಿರ ಚೌಕಾಸಿ ಮಾಡಿ ಗೆಲ್ಲಬೇಡಿ.)

ಮನೆ ಮುಟ್ಟಿದಾಗ ಆಯಿ ಜಗುಲಿಯಲ್ಲಿದ್ದಳು. ನೋಡಿಕೊಳ್ಳಲು ಕೂತಿದ್ದ ಪಕ್ಕದ ಮನೆಯಾಕೆ ನಮ್ಮನ್ನು ಕಂಡು ಎದ್ದು ಹೋದಳು. ನಾನು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದೆ. ಆಯಿ ಅದನ್ನೇ ನೋಡುತ್ತಿದ್ದಳು.

"ಬನ್ನಿ, ಬನ್ನಿ. ನಿಂಗಕ್ಕೆ ಸೊಂಟ ನೋವಾ?"

"ಹೌದು."

"ಡಾಕ್ಟ್ರಿಗೆ ತೋರ್ಸಿದ್ರಾ?"

"ತೋರ್ಸಿದ್ದೆ. ಹೆದ್ರಿಕೆ ಆತು. ವಾಪಸ್ ಬಂದೆ" ಎಂದೆ. ಬೇರೆ ಯಾರೊಡನೆಯೂ ಈ ಮಾತನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು.

"ಅಯ್ಯೋ, ಒಬ್ರೇ ಎಂತಕ್ಕೆ ಹೋದ್ರಿ? ಕೂತ್ಗಳಿ. ನಮ್ಮನೆ ಮಾಣಿ ಈಗ ಬತ್ತ. ಅವ ನಿಂಗಳನ್ನ ಕರ್ಕಂಡು ಹೋಗ್ತ. ಡಾಕ್ಟ್ರ ಹತ್ರ ಎಲ್ಲ ಅವನೇ ಮಾತಾಡ್ತ. ಅವ ಯಾರಿಗೂ ಹೆದ್ರತ್ನಿಲ್ಲೆ."

ಕೂತೆ. ಗೇಟಿನ ಕಡೆಗೇ ನೋಡುತ್ತಾ ಇಬ್ಬರೂ ಕಾದೆವು.

ಆ ಮಾಣಿ ನಿಮಗೆ ಎಲ್ಲಾದರೂ ಕಂಡರೆ, ದಯವಿಟ್ಟು ಮನೆಗೆ ಕಳಿಸುತ್ತೀರಾ?