ಮೂವರೇ ಉಳಿದ ಆಟ

ಔರಾದಿನಿಂದ ಬೀದರಿಗೆ ಹೋಗಬೇಕೆಂದರೆ ಎರಡು ದಿನ ಮೊದಲೇ ಮನೆಯಲ್ಲಿ ಹೇಳಿ, ಯಾರ ಜೊತೆ, ಎಷ್ಟು ಗಂಟೆಯ ಬಸ್ಸು, ಮಧ್ಯಾಹ್ನಕ್ಕೆ ಬುತ್ತಿ ಏನು ಎಂಬುದನ್ನೆಲ್ಲ ಗೊತ್ತುಮಾಡಿಕೊಂಡು ಹೊರಡಬೇಕಿದ್ದ ಕಾಲ ಅದು. ಮಳೆ ನಿಂತು ಹೊಸ ಹೆಸರುಕಾಳು, ಉದ್ದು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಗೆ ಬರುವ ದಿನಗಳು. ಬಸ್ಸಿನ ಮೇಲೆ ಚೀಲ, ಒಳಗೆ ಚೀಲ, ಚೀಲಗಳ ನಡುವೆ ಮನುಷ್ಯರು. ಅಂಥ ಬಸ್ಸಿನಲ್ಲಿ ಒಂದು ಮುಂಜಾನೆ ಐದು ಜನ ಹುಡುಗಿಯರು, ಒಬ್ಬ ಸರ್ ಮತ್ತು ಒಂದು ಬಾಸ್ಕೆಟ್‌ಬಾಲ್ ಬೀದರಿಗೆ ಹೊರಟಿದ್ದೆವು. ನನಗೆ ಆಗ ಹದಿನೇಳು ತುಂಬಿರಲಿಲ್ಲ. ಚಿಂತೆ ಮಾಡುವುದರಲ್ಲಿ ಮಾತ್ರ ಐವತ್ತರ ಅನುಭವವಿತ್ತು. ಈಗ ಐವತ್ತು ದಾಟಿದೆ. ಆ ವಿದ್ಯೆಯಲ್ಲಿ ಹೊಸದಾಗಿ ಏನೂ ಕಲಿತಂತಿಲ್ಲ.

ನಾನು ತಂಡಕ್ಕೆ ಸೇರಿದ್ದು ಆಟ ಬರುತ್ತಿತ್ತು ಎಂದಲ್ಲ. ನಮ್ಮ ಕಾಲೇಜಿನಲ್ಲಿ ಆಡಬಲ್ಲ ಹುಡುಗಿಯರು ಐದೇ ಜನ. ಆರನೆಯವಳು ಯಾರಾದರೂ ಬೇಕೆಂದು ಹಣಮಂತ ಸರ್ ಪಿಯುಸಿ ಕ್ಲಾಸಿಗೆ ಬಂದಾಗ ಎಲ್ಲರೂ ತಲೆ ತಗ್ಗಿಸಿದರು. ನಾನು ತಗ್ಗಿಸುವುದರಲ್ಲಿ ತುಸು ತಡಮಾಡಿದೆ. ಅಂದಿನಿಂದ ನೀರಿನ ತಂಬಿಗೆ, ಟವೆಲ್ಲು, ಐವರ ಕಿವಿಯೋಲೆಗಳು ನನ್ನ ಸುಪರ್ದಿಗೆ ಬಂದವು. ಹೇಳಿಮಾಡಿಸಿದಂಥ ಹುದ್ದೆ. ಕಿವಿಯೋಲೆಗಳನ್ನು ನಾನು ಗಂಟೆಗೆ ನಾಲ್ಕು ಸಲ ಎಣಿಸುತ್ತಿದ್ದೆ.

ಹಣಮಂತ ಸರ್ ಮೂಲತಃ ಖೋಖೋ ಮನುಷ್ಯ. ಯಾವುದೋ ಯೋಜನೆಯಲ್ಲಿ ಕಾಲೇಜಿಗೆ ಎರಡು ಕಂಬ, ಎರಡು ರಿಂಗು, ಒಂದು ಚೆಂಡು ಬಂದಿಳಿದಿದ್ದರಿಂದ ಅವರು ಬಾಸ್ಕೆಟ್‌ಬಾಲಿನ ಗುರುಗಳೂ ಆದರು. ಬಗ್ಗಿ ಓಡ್ರವಾ, ಬಗ್ಗಿ ಓಡ್ರಿ ಎನ್ನುವುದೊಂದೇ ಅವರ ಪಾಠ. ನಾವು ಕೆಂಪು ಮಣ್ಣಿನಲ್ಲಿ ಬಗ್ಗಿ ಓಡುತ್ತಿದ್ದೆವು. ಸಂಜೆ ಮನೆಗೆ ಹೋದರೆ ಅವ್ವ ಅಂಗಳದಲ್ಲೇ ನಿಲ್ಲಿಸಿ ಸಲ್ವಾರಿನ ಧೂಳು ಝಾಡಿಸಿ, ಆಮೇಲೆ ಒಳಗೆ ಬಿಡುತ್ತಿದ್ದಳು.

ತಂಡದ ಜೀವ ಶೋಭಾ. ಅವಳೇ ಕ್ಯಾಪ್ಟನ್. ನನಗಿಂತ ಗಿಡ್ಡವಳು, ಆದರೆ ಚೆಂಡು ಅವಳ ಕೈಯಲ್ಲಿ ಸಾಕಿದ ಕರುವಿನ ಹಾಗೆ ಹೇಳಿದಲ್ಲಿಗೆ ಹೋಗುತ್ತಿತ್ತು. ಅವಳಿಗೆ ಪಿ.ಟಿ. ಟೀಚರ್ ಆಗಬೇಕೆಂಬ ಹಟ. ಸೀರೆ ಉಟ್ಟು ಪಾಠ ಹೇಳುವ ಟೀಚರುಗಳನ್ನಷ್ಟೇ ಕಂಡಿದ್ದ ನಮಗೆ ಅದು ಪೊಲೀಸ್ ಆಗುತ್ತೇನೆ ಎಂದಷ್ಟು ವಿಚಿತ್ರವಾಗಿ ಕೇಳುತ್ತಿತ್ತು. ಅದರ ಟ್ರೇನಿಂಗಿಗೆ ಸರಕಾರಿ ಸೀಟು ಸಿಕ್ಕರೆ ಮಾತ್ರ ಕಳಿಸುತ್ತೇನೆ, ದುಡ್ಡು ಕಟ್ಟಿ ಓದಿಸುವ ತಾಕತ್ತು ನನಗಿಲ್ಲ ಎಂದು ಅವಳ ಅಪ್ಪ ಮೊದಲೇ ಹೇಳಿದ್ದರು. ಸೀಟು ಸಿಗಬೇಕೆಂದರೆ ಜಿಲ್ಲೆಗೆ ಮೊದಲು ಬಂದ ಸರ್ಟಿಫಿಕೇಟು ಬೇಕು. ಎರಡನೆಯ ಸ್ಥಾನವಾದರೆ ಆಗದೇ ಎಂದು ಅವಳು ಕೇಳಿದ್ದಕ್ಕೆ ಹಣಮಂತ ಸರ್ ಮರೆಮಾಚದೆ ಹೇಳಿದ್ದರು.

"ಸೆಕೆಂಡ್ ಬಂದವರು ಪ್ರತಿ ಜಿಲ್ಲಾದಾಗ ಇರ್ತಾರವಾ. ಅವರಿಗಿ ಯಾರ ಕೇಳ್ತಾರ."

ನಮ್ಮ ಜೊತೆ ನಸೀಮ ಇದ್ದಳು. ದೂರದಿಂದ ಚೆಂಡೊಗೆದು ರಿಂಗಿಗೆ ಹಾಕುವವಳು. ನಮ್ಮ ಬಟ್ಟೆ ಹೊಲಿದು ಬೆನ್ನಿಗೆ ನಂಬರು ಹಚ್ಚಿಕೊಟ್ಟವರು ಅವಳ ಅಬ್ಬಾ. ಸಂತಪುರದ ಅಕ್ಕ–ತಂಗಿ ಇಬ್ಬರಿದ್ದರು; ಮನೆಯಲ್ಲಿ ಜಗಳಾಡಿದಂತೆಯೇ ಮೈದಾನದಲ್ಲೂ ಎದುರಿನವರ ಕೈ ಹಿಡಿದೆಳೆಯುವ ಚಟ ಅವರಿಗೆ. ಐದನೆಯವಳು ಉದ್ದನೆಯ ಮಹಾದೇವಿ. ಟೂರ್ನಮೆಂಟಿಗೆ ನಾಲ್ಕು ದಿನವಿರುವಾಗ ಮಹಾದೇವಿಗೆ ಚಳಿಜ್ವರ ಬಂತು. ತಂಬಿಗೆ ಹಿಡಿದು ನಿಂತಿದ್ದ ನನ್ನ ಕಡೆ ಎಲ್ಲರೂ ತಿರುಗಿದರು.

ಆ ನಾಲ್ಕು ದಿನ ನಾನು ಮಾಡಿದ್ದು ಒಂದೇ ಕೆಲಸ. ರಿಂಗಿನ ಜೊತೆ ಡಬ್ಬಿಯಲ್ಲಿ ಬಂದಿದ್ದ, ಯಾರೂ ತೆರೆಯದ ಒಂದು ತೆಳ್ಳನೆಯ ಇಂಗ್ಲಿಷ್ ನಿಯಮದ ಪುಸ್ತಕ ಸರ್ ಕೋಣೆಯಲ್ಲಿತ್ತು. ಅದನ್ನು ಮನೆಗೊಯ್ದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮೊದಲಿನಿಂದ ಕೊನೆಯತನಕ ಓದಿದೆ. ಸರ್‌ಗೆ ಇದು ನನ್ನ ಶ್ರದ್ಧೆಯಾಗಿ ಕಂಡಿತು. ಶೋಭಾಳಿಗೆ ನನ್ನನ್ನು ತೋರಿಸಿ ಹೊಗಳಿದರು. ನಾನು ಹುಡುಕುತ್ತಿದ್ದದ್ದು ಆಡದೆ ತಪ್ಪಿಸಿಕೊಳ್ಳುವ ದಾರಿ. ಆಟಗಾರ್ತಿಗೆ ಹೆದರಿಕೆಯಾದರೆ ಏನು ಮಾಡಬೇಕೆಂದು ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಮಂದಿ ಕಡಿಮೆಯಾದರೆ ಆಟ ರದ್ದಾಗುತ್ತದೆಯೇ ಎಂದು ನೋಡಿದೆ. ಸುರುವಿಗೆ ಐವರು ಬೇಕು, ಆಮೇಲೆ ಇಬ್ಬರು ಉಳಿಯುವವರೆಗೂ ಆಟ ನಡೆಯಬಹುದು ಎಂದಿತ್ತು. ಇದೆಂಥ ಕ್ರೂರ ಆಟ ಎಂದು ಪುಸ್ತಕ ಮುಚ್ಚಿದೆ. ಆದರೂ ಬೀದರಿಗೆ ಹೊರಡುವಾಗ ಚೀಲದಲ್ಲಿ ಇಟ್ಟುಕೊಂಡೆ, ಓದದೆ ಬಿಟ್ಟ ಪುಟವೇನಾದರೂ ಇದ್ದೀತೆಂದು.

ನಾವು ಫೈನಲ್ಲಿಗೆ ಬಂದದ್ದು ಒಂದು ಬಸ್ಸಿನ ದಯೆಯಿಂದ. ಮುಂಜಾನೆಯ ಸೆಮಿಫೈನಲ್ಲಿನಲ್ಲಿ ನಮ್ಮ ಎದುರು ಭಾಲ್ಕಿಯವರು. ಅವರ ಬಸ್ಸು ಹಲಬರ್ಗಾದ ಹತ್ತಿರ ಕೆಟ್ಟು ನಿಂತಿತು. ಎರಡು ಗಂಟೆ ತಡವಾಗಿ, ಅರ್ಧ ದಾರಿ ಟೆಂಪೊ ಹಿಡಿದು ಬಂದಿಳಿದ ಅವರಿಗೆ, ವೇಳೆಗೆ ಐದು ಮಂದಿ ಮೈದಾನದಲ್ಲಿ ಇರಲಿಲ್ಲವಾದ್ದರಿಂದ ನೀವು ಸೋತಿರಿ ಎಂದು ಮೈಕಿನಲ್ಲಿ ಹೇಳಲಾಯಿತು. ಅತ್ತು ಮುಗಿದ ಮೇಲೆ ಭಾಲ್ಕಿಯ ಹುಡುಗಿಯರು ಒಂದು ತೀರ್ಮಾನಕ್ಕೆ ಬಂದರು. ನಾವು ಗೆದ್ದರೆ, ಅವರು ಸೋತದ್ದು ಜಿಲ್ಲೆಗೆ ಮೊದಲಾದವರ ಕೈಯಲ್ಲಿ ಎಂದಾಗುತ್ತದೆ. ಹಾಗಾಗಿ ಅವರು ಅಷ್ಟೂ ಜನ ನಮ್ಮ ಪಕ್ಷ ಸೇರಿದರು.

ಮಧ್ಯಾಹ್ನ ಗಂಜಿನ ಕಡೆ ನೆರಳು ಹುಡುಕಿ ಕುಳಿತು ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯೆ ಬಿಚ್ಚಿದೆವು. ಹಮಾಲರು ಚೀಲ ಹೊತ್ತು ಓಡುತ್ತಿದ್ದರು, ಗಾಳಿಯಲ್ಲಿ ಹೊಸ ಉದ್ದಿನ ಧೂಳು, ಸೀನು. ಸರ್ ಎಲ್ಲರಿಗೂ ಒಂದೊಂದು ಪೊಟ್ಟಣ ಬಿಸಿ ಭಜಿ ತಂದುಕೊಟ್ಟರು. ನಾನು ನನ್ನ ಪೊಟ್ಟಣ ಪಕ್ಕಕ್ಕೆ ಸರಿಸಿದೆ. ನಸೀಮ ನನ್ನ ಪಾಲಿನ ಭಜಿಯನ್ನೂ ತಿನ್ನುತ್ತ ಧೈರ್ಯ ಹೇಳಿದಳು.

"ಡರೂ ನಕ್ಕೊ ಗೇ ಸರೂ, ಹೆದರಬ್ಯಾಡ. ಚೆಂಡ ನಿನ್ನ ಕಡಿ ಬಂದ್ರ ನನ್ನ ಕಡಿ ಒಗಿ. ಅಷ್ಟೇ ಕೆಲ್ಸ."

"ನೀ ಎಲ್ಲಿ ಇದ್ದೀ ಅಂತ ಹ್ಯಾಂಗ ಗೊತ್ತಾಗ್ತದ?"

"ಚೀರ್ತೇನಿ. ನಿನ್ನ ಕಿವಿಯಾದ್ರೂ ಛಲೋ ಅವ ಇಲ್ಲೋ?"

ಎದುರಾಳಿಗಳು ಬೀದರಿನವರೇ. ಸಿಮೆಂಟಿನ ಮೈದಾನ ಅವರದು, ಒಂದೇ ಥರದ ಬೂಟು, ಬದಲಿ ಆಟಗಾರ್ತಿಯರೇ ಐದು ಜನ. ನಮ್ಮನ್ನು ನೋಡಿ ಅವರು ನಗಲೂ ಇಲ್ಲ. ಬೇರೆಯವರ ಬಸ್ಸು ಕೆಟ್ಟು ಫೈನಲ್ಲಿಗೆ ಬಂದವರ ಬಗ್ಗೆ ನಗುವುದೇನಿದೆ. ಮೊದಲ ಅರ್ಧದಲ್ಲಿ ತಮ್ಮ ಬದಲಿ ಹುಡುಗಿಯರನ್ನೇ ಆಡಿಸಿದರು. ಅದು ಅವರ ತಪ್ಪಾಯಿತು. ಶೋಭಾ ಚೆಂಡು ಕದ್ದು ಕದ್ದು ತಂದಳು, ನಸೀಮ ದೂರದಲ್ಲಿ ನಿಂತು ಒಗೆದದ್ದೆಲ್ಲ ರಿಂಗಿನೊಳಗೆ ಇಳಿಯಿತು. ನಾನು ನಮ್ಮ ರಿಂಗಿನ ಕೆಳಗೆ ಕಂಬದ ತಂಗಿಯಂತೆ ನಿಂತಿದ್ದೆ. ಮುಖ್ಯ ಹುಡುಗಿಯರು ಮೈದಾನಕ್ಕಿಳಿಯುವ ಹೊತ್ತಿಗೆ ನಾವು ಹತ್ತು ಪಾಯಿಂಟು ಮುಂದಿದ್ದೆವು.

ಅಲ್ಲಿಂದ ಶುರುವಾಯಿತು ನಿಜವಾದ ಆಟ. ನಮಗೆ ಬದಲಿ ಯಾರೂ ಇಲ್ಲ. ಕಾಲು ಸೀಸದಂತಾಗಿದ್ದವು, ಬಾಯಲ್ಲಿ ಉಗುಳಿಲ್ಲ. ದಣಿದವರ ಕೈ ಮುಂದಾಗುತ್ತದೆ. ಸಂತಪುರದ ಅಕ್ಕ ಯಾರದೋ ಮೊಣಕೈ ಹಿಡಿದೆಳೆದಳು. ಅದು ಅವಳ ಐದನೆಯ ತಪ್ಪು, ಆಟದಿಂದ ಹೊರಗೆ. ವಿಸಲ್ ಊದುತ್ತಿದ್ದ ಸರ್, ಒಬ್ಬಳು ಕಡಿಮೆಯಾದರೆ ನಡೆಯುತ್ತದೆ ಬಿಡಿ ಎಂದು ಆಟ ಮುಂದುವರಿಸಿದರು. ಮೂರು ನಿಮಿಷ ಉಳಿದಿರುವಾಗ ತಂಗಿಯೂ ಅಕ್ಕನ ದಾರಿ ಹಿಡಿದಳು. ನಾವು ಇಪ್ಪತ್ತೆರಡು, ಅವರು ಹದಿನೇಳು. ಮೈದಾನದಲ್ಲಿ ನಾವು ಮೂವರು.

ಮೇಜಿನ ಸುತ್ತ ಗುಂಪು ಕೂಡಿತು. ಐದು ಜನರಿಲ್ಲವೆಂದು ಮುಂಜಾನೆ ಭಾಲ್ಕಿಯವರನ್ನು ಹೊರಹಾಕಿದಿರಿ, ಈಗ ಮೂವರಿದ್ದಾರೆ, ಇವರನ್ನೂ ಹೊರಹಾಕಿರಿ ಎಂದು ಬೀದರ ತಂಡದ ಸರ್ ವಾದಿಸಿದರು. ವಿಸಲ್ ಸರ್‌ಗೂ ಅದು ನ್ಯಾಯವಾಗಿಯೇ ಕಂಡಿತು. ಹಣಮಂತ ಸರ್ ಏನು ಹೇಳಬೇಕೆಂದು ತಿಳಿಯದೆ, ಖೋಖೋದಲ್ಲಿ ಹೀಗಿಲ್ಲ ಎಂದು ಸಣ್ಣ ದನಿಯಲ್ಲಿ ಹೇಳಿ, ಟವೆಲ್ಲು ಮಡಚತೊಡಗಿದರು.

ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಪುಸ್ತಕದ ಆ ಸಾಲು ನನಗೆ ಬಾಯಿಪಾಠವಿತ್ತು. ನಮ್ಮನ್ನು ನಿರಾಶೆಗೊಳಿಸಿದ ಮಾತು ಬೇಗ ಬಾಯಿಪಾಠವಾಗುತ್ತದೆ. ನಾನು ಸುಮ್ಮನಿದ್ದರೆ ಇಲ್ಲಿಗೆ ಮುಗಿಯುತ್ತದೆ. ಯಾರೂ ನನ್ನನ್ನು ಬಯ್ಯುವ ಹಾಗಿಲ್ಲ. ಸೋತದ್ದು ಕಾಯ್ದೆಯಿಂದ, ನನ್ನಿಂದಲ್ಲ. ಬಸ್ಸು ಹತ್ತಿದರೆ ಕತ್ತಲಾಗುವುದರೊಳಗೆ ಮನೆ. ನಾನು ಮನಸ್ಸಿನಲ್ಲಿ ಆಗಲೇ ಕೈಕಾಲು ತೊಳೆದುಕೊಂಡಿದ್ದೆ.

ಶೋಭಾ ಯಾರ ಜೊತೆಯೂ ವಾದಿಸಲಿಲ್ಲ. ಮೈದಾನದ ನಡುವೆ ಕುಳಿತು ಬೂಟಿನ ದಾರ ಬಿಚ್ಚಿ ಕಟ್ಟಿದಳು. ಮತ್ತೆ ಬಿಚ್ಚಿದಳು, ಮತ್ತೆ ಬಿಗಿದು ಕಟ್ಟಿದಳು. ಅವಳು ನನ್ನ ಕಡೆ ನೋಡಿದ್ದರೆ ನಾನು ಬೇರೆಲ್ಲೋ ನೋಡಿಬಿಡುತ್ತಿದ್ದೆ, ಅದರಲ್ಲಿ ನಾನು ಪಳಗಿದವಳು. ಅವಳು ನೋಡಲಿಲ್ಲ. ಆಟ ಇನ್ನೂ ಬಾಕಿಯಿರುವವರಂತೆ ದಾರ ಕಟ್ಟುತ್ತಲೇ ಇದ್ದಳು.

"ಸರ್, ಇಬ್ಬರು ಉಳಿಯೋತನಕಾ ಆಡಬಹುದರಿ," ಎಂದು ಯಾರೋ ಹೇಳಿದರು. ದನಿ ನನ್ನದೇ ಎಂದು ತಿಳಿಯಲು ಎಲ್ಲರೂ ತಿರುಗಿ ನೋಡಬೇಕಾಯಿತು.

ವಿಸಲ್ ಸರ್ ಹುಬ್ಬು ಗಂಟಿಕ್ಕಿದರು. "ಯಾರ ಹೇಳ್ಯಾರ ನಿನಗ?"

"ಬುಕ್ಕಿನ್ಯಾಗ ಅದರಿ. ಸುರು ಮಾಡ್ಲಾಕ ಐದು ಮಂದಿ ಬೇಕರಿ. ಆಮ್ಯಾಲ ಒಬ್ಬಾಕಿನೇ ಉಳದ್ರ ಅಷ್ಟೇ ಆಟ ಮುಗೀತದರಿ."

ಚೀಲದಿಂದ ಪುಸ್ತಕ ತೆಗೆದು, ಮೂಲೆ ಮಡಚಿಟ್ಟಿದ್ದ ಪುಟ ತೋರಿಸಿದೆ. ಅವರು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದರು. ಆಮೇಲೆ ಪುಸ್ತಕ ಬಿಟ್ಟು ನನ್ನನ್ನು ನೋಡಿದರು.

"ನೀ ಇದನ್ನ್ಯಾಕ ಓದಿದ್ಯವಾ?"

"ಸುಮ್ನ ರಿ," ಎಂದೆ.

ಭಾಲ್ಕಿಯ ಹುಡುಗಿಯರು ತಟ್ಟೆ ಬಡಿಯತೊಡಗಿದರು. ಅವರ ಬುತ್ತಿಯ ತಟ್ಟೆಗಳು.

ಆ ಮೂರು ನಿಮಿಷವನ್ನು ನಾನು ಸರಿಯಾಗಿ ವರ್ಣಿಸಲಾರೆ, ಬಹಳ ಹೊತ್ತು ಕಣ್ಣು ಮುಚ್ಚಿದ್ದೆ. ಎದುರಿಗೆ ಐದು ಜನ, ಎಲ್ಲಿ ನೋಡಿದರೂ ಬೂಟು. ಶೋಭಾ ನನ್ನ ಮತ್ತು ನಸೀಮಳ ನಡುವೆ ನೇಯುವವರ ಲಾಳಿಯಂತೆ ಆ ಕಡೆ ಈ ಕಡೆ ಓಡುತ್ತಿದ್ದಳು. ಅವಳ ಮೊಣಕಾಲು ಸಿಮೆಂಟಿಗೆ ಉಜ್ಜಿ ಸಲ್ವಾರು ಹರಿದು ರಕ್ತ ಬಂದಿತ್ತು. ಹತ್ತೊಂಬತ್ತಾಯಿತು, ಇಪ್ಪತ್ತೊಂದಾಯಿತು. ನಾವು ಇಪ್ಪತ್ತೆರಡರಲ್ಲೇ ನಿಂತಿದ್ದೆವು. ಕೊನೆಗೆ ಅವರ ಎತ್ತರದ ಹುಡುಗಿ ರಿಂಗಿನ ಹತ್ತಿರವೇ ಬಂದು ಚೆಂಡು ಎತ್ತಿದಳು. ಚೆಂಡು ರಿಂಗಿನ ಅಂಚಿನ ಮೇಲೆ ಒಂದು ಸುತ್ತು ಹೊಡೆದು, ಮುಖಕ್ಕೆ ಬಡಿಯದಿರಲೆಂದು ನಾನು ಅಡ್ಡ ಹಿಡಿದಿದ್ದ ಕೈಗಳ ಮೇಲೆ ಬಿತ್ತು. ನಸೀಮ ಎಲ್ಲಿಂದಲೋ ಚೀರಿದಳು. ಒಗೆಯಲು ಧೈರ್ಯ ಸಾಲಲಿಲ್ಲ. ಚೆಂಡನ್ನು ತುಂಬಿದ ಕೊಡದಂತೆ ಅವುಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟೆ. ವಿಸಲ್ ಕೇಳಿಸಿತು. ಹಾಗೆ ಕೂರುವುದು ತಪ್ಪು ಎಂದು ಪುಸ್ತಕದಲ್ಲಿ ಓದಿದ್ದೆ. ಎಲ್ಲ ಹಾಳುಮಾಡಿದೆನೆಂದು ಅಳಲು ಶುರುಮಾಡಿದೆ. ಅದು ಆಟ ಮುಗಿದ ವಿಸಲ್ ಎಂದು ಯಾರೋ ಹೇಳುವಷ್ಟರಲ್ಲಿ ನಿಲ್ಲಿಸಲಾಗದಷ್ಟು ಅತ್ತಾಗಿತ್ತು.

ಶೋಭಾ ಕುಂಟುತ್ತ ಬಂದು ನನ್ನ ಪಕ್ಕ ಕುಳಿತಳು. ಅಪ್ಪಿಕೊಳ್ಳಲೂ ಇಲ್ಲ, ಕೂಗಲೂ ಇಲ್ಲ.

"ಸರೂ, ಚೆಂಡ ಬಿಡು ಈಗ," ಎಂದಳು. "ಮುಗೀತು. ನೀರ ಕುಡಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಚೀಲಗಳಿರಲಿಲ್ಲ, ಎಲ್ಲವೂ ಗಂಜಿನಲ್ಲಿ ಇಳಿದಿದ್ದವು. ಹಿಂದಿನ ಉದ್ದ ಸೀಟು ನಮಗೇ ಸಿಕ್ಕಿತು. ಸರ್ಟಿಫಿಕೇಟು ಮುದುಡದಿರಲೆಂದು ಶೋಭಾ ಅದನ್ನು ನೋಟ್‌ಬುಕ್ಕಿನಲ್ಲಿಟ್ಟು, ನೋಟ್‌ಬುಕ್ಕನ್ನು ತೊಡೆಯ ಕೆಳಗಿಟ್ಟುಕೊಂಡಳು. ಪುಸ್ತಕವನ್ನು ಯಾತಕ್ಕೆ ಓದಿದೆನೆಂದು ಅವಳಿಗೆ ಹೇಳಿಬಿಡಬೇಕು ಎಂದುಕೊಂಡೆ. ಹೇಗೆ ಶುರುಮಾಡುವುದೆಂದು ಯೋಚಿಸುವಷ್ಟರಲ್ಲಿ ಅವಳ ತಲೆ ನನ್ನ ಹೆಗಲಿಗೆ ಬಿತ್ತು. ನನ್ನದು ನಸೀಮಳ ಹೆಗಲಿಗೆ. ಸಂತಪುರದ ಅಕ್ಕ–ತಂಗಿ ತಮ್ಮೂರಲ್ಲಿ ಇಳಿದುಹೋದದ್ದು ಗೊತ್ತಾಗಲಿಲ್ಲ. ಕಂಡಕ್ಟರ್ ಬಂದು, ಔರಾದ ಬಂತು ಏಳ್ರವಾ ಎನ್ನುವತನಕ ನಾನು ಏನನ್ನೂ ಎಣಿಸಲಿಲ್ಲ. ಎಲ್ಲರ ಕಿವಿಯೋಲೆ ನನ್ನ ಹತ್ತಿರವೇ ಇದ್ದವು.

ಶೋಭಾಳಿಗೆ ಸೀಟು ಸಿಕ್ಕಿತು. ಈಗ ನೌಬಾದದ ಕಡೆ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಆಟದ ಪಿರಿಯಡ್ಡುಗಳನ್ನು ಗಣಿತದವರು ಕೇಳಿ ಪಡೆಯುತ್ತಾರಂತೆ. ಇವಳು ರಜಿಸ್ಟರು ಬರೆಯುತ್ತಾಳೆ, ಮಕ್ಕಳ ಬಿಸಿಯೂಟದ ಪಾತ್ರೆಗಳ ಉಸ್ತುವಾರಿ ನೋಡುತ್ತಾಳೆ. ಆ ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಫೋನಿನಲ್ಲಿ ನಾವು ಮಾತ್ರೆಗಳ ಹೆಸರು ಹೇಳಿಕೊಳ್ಳುತ್ತೇವೆ. ಹಣಮಂತ ಸರ್ ಹೋಗಿ ಬಹಳ ವರ್ಷವಾಯಿತು. ನಸೀಮ ಜಹೀರಾಬಾದಿನಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಹಬ್ಬಕ್ಕೊಮ್ಮೆ ಅದೇ ದನಿಯಲ್ಲಿ ಚೀರುತ್ತಾಳೆ. ಪುಸ್ತಕದ ವಿಷಯ ಇವರಿಬ್ಬರಿಗೂ ಇನ್ನೂ ಹೇಳಿಲ್ಲ. ಇಬ್ಬರೂ ನನ್ನನ್ನು ಓದಿನಲ್ಲಿ ಹುಷಾರಿ ಎಂದೇ ನಂಬಿದ್ದಾರೆ.

ನಾನು ಬೀದರಿನ ಒಂದು ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತು ದಣಿಯುತ್ತೇನೆ. ಓಡುವುದಿಲ್ಲ, ಬೀಳುವುದಿಲ್ಲ, ಆದರೂ ಐದು ಗಂಟೆಗೆ ಮೈ ಕಡಿದು ಹಾಕಿದಂತಿರುತ್ತದೆ. ಮನೆಗೆ ಹೋಗುವ ಬಸ್ಸಿನಲ್ಲಿ ಒಮ್ಮೊಮ್ಮೆ ಕಿಟಕಿಯ ಸೀಟೂ ಸಿಗುತ್ತದೆ. ಕಣ್ಣು ಎಳೆಯುತ್ತಿದ್ದರೂ ಮುಚ್ಚುವುದಿಲ್ಲ. ಚೀಲ ಎದೆಗವುಚಿಕೊಂಡು ಸ್ಟಾಪುಗಳನ್ನು ಎಣಿಸುತ್ತ ಕೂರುತ್ತೇನೆ. ಪಕ್ಕದ ಸೀಟಿನಲ್ಲಿ ನನ್ನದೇ ವಯಸ್ಸಿನ ಹೆಂಗಸು ಯಾರಾದರೂ ಇರುತ್ತಾಳೆ, ನನ್ನಷ್ಟೇ ದಣಿದವಳು. ಬಸ್ಸು ಕುಲುಕಿದಾಗ ಹೆಗಲಿಗೆ ಹೆಗಲು ತಾಗುತ್ತದೆ. ಇಬ್ಬರೂ ತುಸು ಸರಿದು ಕೂರುತ್ತೇವೆ.