ಪ್ರೇಮಾನಂದ ಮಾವ ಕೂರುವ ಹಿಂದಿನ ಸೀಟು

ನಮ್ಮ ಸಿದ್ದಾಪುರದ ಕಡೆ ಹಳೇ ಬೈಕು ತೆಗೆದುಕೊಳ್ಳುವವರು ಮೊದಲು ಹುಡುಕಿಕೊಂಡು ಹೋಗುತ್ತಿದ್ದದ್ದು ಮೆಕ್ಯಾನಿಕ್ಕನ್ನಲ್ಲ, ನನ್ನ ಪ್ರೇಮಾನಂದ ಮಾವನನ್ನು. ಹಾಗಂತ ಮಾವನಿಗೆ ಬೈಕು ಬಿಡಲು ಬರುತ್ತದೆ ಅಂದುಕೊಳ್ಳಬೇಡಿ. ಸೈಕಲ್ಲೂ ಅಷ್ಟಕ್ಕಷ್ಟೇ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಅವರಿಗೆ ಈ ಕೆಲಸಕ್ಕೆ ಇದ್ದ ಯೋಗ್ಯತೆ ಒಂದೇ, ಅವರ ದೇಹ. ಬೈಕಿನ ಹಿಂದಿನ ಸೀಟಿನ ಮೇಲೆ ಅಕ್ಕಿ ಮೂಟೆ ಇಳಿಸಿದ ಹಾಗೆ ಧೊಪ್ಪನೆ ಕೂರುತ್ತಿದ್ದರು. "ನನ್ನ ಕೂರ್ಸ್ಕಂಡ್ ಏರ್ ಹತ್ತಿದ್ರೆ ಅದ್ ಗಾಡಿ. ಇಲ್ದಿದ್ರೆ ಬರೀ ಗುಜ್ರಿ" ಎನ್ನುವುದು ಅವರ ಮಾತು.

ಅದಕ್ಕೊಂದು ಕ್ರಮವೂ ಇತ್ತು. ಗಾಡಿ ಕೊಂಡ ಮೇಲೆ ಹಟ್ಟಿಯಂಗಡಿಯ ಗಣಪತಿ ದೇವಸ್ಥಾನಕ್ಕೆ ಪೂಜೆಗೆ ಒಯ್ಯುವವರು ಬೇಕಾದಷ್ಟು ಜನ. ಮಾವ ಕೊಳ್ಳುವ ಮೊದಲೇ ಒಯ್ಯುತ್ತಿದ್ದರು. ಮನೆಯೆದುರು ಒಂದು ಸುತ್ತು ಹೊಡೆದರೆ ಎಂಥ ಲಟಾರಿ ಇಂಜಿನ್ನೂ ಚಂದವೇ ಕೇಳುತ್ತದೆ. ದೂರ ಓಡಿಸಿ ನೋಡುತ್ತೇವೆ ಅಂದರೆ ಮಾರುವವನ ಮೇಲೆ ಅನುಮಾನಪಟ್ಟ ಹಾಗಾಗುತ್ತದೆ. ಆದರೆ ಗಣಪತಿಗೆ ಕೈ ಮುಗಿದು ಬರುತ್ತೇವೆ ಅಂದರೆ ಬೇಡ ಅನ್ನುವ ಗಂಡಸು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹೋಗಿ ಬರುವಷ್ಟರಲ್ಲಿ ಇಂಜಿನ್ ಚೆನ್ನಾಗಿ ಕಾದು ಅದರ ರೋಗವೆಲ್ಲ ಹೊರಗೆ ಬರುತ್ತಿತ್ತು. ಗಾಡಿ ಸರಿಯಿದ್ದರೆ ಮಾವ "ಗಣಪತಿ ಒಪ್ದ" ಎನ್ನುತ್ತಿದ್ದರು. ಸರಿಯಿಲ್ಲದಿದ್ದರೆ "ಗಣಪತಿ ಇನ್ನೂ ಮನಸ್ ಮಾಡ್ಲಿಲ್ಲ." ಯಾರಿಗೂ ಬೇಸರವಿಲ್ಲ, ಜಗಳವಿಲ್ಲ.

ಇದನ್ನೆಲ್ಲ ಹಾಳು ಮಾಡಿದವಳು ನಾನೇ. ಕುಂದಾಪುರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಕಳೆದ ವರ್ಷ ಮಾವನ ಕೈಗೆ ಸೂಜಿ ಚುಚ್ಚಿದೆ, ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಸಂಜೆಯ ಬನ್ಸು ಹೋಯಿತು, ಅಂಗಡಿಯ ಬೆಲ್ಲದ ಡಬ್ಬಕ್ಕೆ ಕೈ ಹಾಕುವುದು ಹೋಯಿತು, ನೋಡುತ್ತಿದ್ದ ಹಾಗೆ ಮಾವನೇ ಅರ್ಧ ಹೋದರು. ಡಾಕ್ಟರಿಗೆ ಸಂತೋಷ, ನನಗೂ ಸಂತೋಷ, ಮಾವನಿಗೆ ಮಾತ್ರ ಇಲ್ಲ. ಸಿಕ್ಕಿದವರೆಲ್ಲ "ಎಂತ ಮಾರಾಯ್ರೆ, ಹೀಂಗ್ ಇಳ್ದ್ ಹೋಯ್ರಿ?" ಅಂತ ಕೇಳಿ ಕೇಳಿ ಅವರು ಅಂಗಡಿಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಪಕ್ಕದ ಮನೆಯ ಯತೀಶ್ ಬೈಕು ನೋಡಲು ಕರೆದರೆ, "ನಂಗ್ ಈಗ ಭಾರ ಇಲ್ಲೆ. ಮೆಕ್ಯಾನಿಕ್ಕನ್ನ ಕರ್ಕಂಡ್ ಹೋಗ್" ಎಂದು ಕಳುಹಿಸಿಬಿಟ್ಟರು. ಊರಿಗೆ ತಾನು ಇನ್ನು ಯಾವುದಕ್ಕೂ ಬೇಡ ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದರು. ನನಗೆ ಸಿಟ್ಟು ಬೇಗ, ಮಾವನ ವಿಷಯದಲ್ಲಿ ಇನ್ನೂ ಬೇಗ. ಅವರು ಹಾಗೆ ಮೂಲೆ ಹಿಡಿದು ಕೂತದ್ದು ನೋಡಿ ನನಗೆ ಅಳುವೂ ಬರುತ್ತಿತ್ತು.

ಅಷ್ಟರಲ್ಲಿ ಲ್ಯಾಬಿನಲ್ಲಿ ನನಗೆ ಬೆಳಗಿನ ಡ್ಯೂಟಿ ಬಂತು. ಮೊದಲ ಬಸ್ಸು ಹಿಡಿದರೂ ತಡವಾಗುತ್ತದೆ. ನಮ್ಮ ಒಳದಾರಿಯ ಏರಿಗೆ ಸ್ಕೂಟರ್ ಆಗುವುದಿಲ್ಲ, ಬೈಕೇ ಬೇಕು. ತ್ರಾಸಿಯ ರತೀಶ್ ಎಂಬವನು ಮಾರಲು ಇಟ್ಟಿದ್ದ ಕೆಂಪು ಬೈಕಿನ ಫೋಟೋ ಮೊಬೈಲಿನಲ್ಲಿ ನೋಡಿ ಮನಸ್ಸು ಅಲ್ಲೇ ನಿಂತಿತು. ಸೀದಾ ಅಂಗಡಿಗೆ ಹೋಗಿ, "ಮಾವ, ನೀವ್ ಬಂದ್ರೆ ಮಾತ್ರ ನಾನ್ ಗಾಡಿ ತಕಂತೆ. ಇಲ್ದಿದ್ರೆ ಕೆಲ್ಸ ಬಿಡ್ತೆ" ಅಂದೆ. ನನ್ನ ಹಠ ಅವರಿಗೆ ಗೊತ್ತು. ಭಾನುವಾರ ಬೆಳಿಗ್ಗೆ ಮಾವ ಬಸ್‌ಸ್ಟ್ಯಾಂಡಿಗೆ ಬಂದರು, ಕೈಯಲ್ಲಿ ಎರಡು ಚೀಲ ತೆಂಗಿನಕಾಯಿ.

"ಇದೆಂತಕ್ಕೆ ಮಾವ?"

"ಗಣಪತಿಗೆ" ಎಂದರು. ಆಮೇಲೆ ಮೆಲ್ಲಗೆ, "ಕಮ್ಮಿ ಆದ ಭಾರ ತುಂಬ್ಸುಕೆ."

ತ್ರಾಸಿಯಲ್ಲಿ ಬೈಕು ಫೋಟೋದಲ್ಲಿದ್ದುದಕ್ಕಿಂತ ಚಂದ ಇತ್ತು. ಮಾವ ಇಂಜಿನ್ನಿನ ಮೇಲೆ ಅಂಗೈ ಇಟ್ಟರು. ರಾತ್ರಿಯೆಲ್ಲ ನಿಂತ ಗಾಡಿ ತಣ್ಣಗಿರಬೇಕು, ಆ ತಣ್ಣಗಿನ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅಂತ ನೋಡಬೇಕು. ಇದು ಬೆಚ್ಚಗಿತ್ತು.

"ಬೆಳಿಗ್ಗೆ ಮೀನ್ ತರುಕ್ ಹೋಯಿದ್ದೆ" ಎಂದ ರತೀಶ್, ಯಾರೂ ಕೇಳದೆಯೇ.

"ಒಳ್ಳೇದಾಯ್ತ್ ಬಿಡಿ. ಹಟ್ಟಿಯಂಗಡಿಗ್ ಹೋಯಿ ಕೈ ಮುಗ್ದ್ ಬತ್ತೊ" ಎಂದರು ಮಾವ. ರತೀಶ್ ಬೇಡ ಅನ್ನಲಿಲ್ಲ.

ನಾನು ಬಿಟ್ಟೆ, ಮಾವ ಹಿಂದೆ, ಒಂದು ಚೀಲ ಅವರ ತೊಡೆಯ ಮೇಲೆ, ಇನ್ನೊಂದು ಟ್ಯಾಂಕಿನ ಮೇಲೆ. ಹೈವೇಯಲ್ಲಿ ಬೈಕು ಹೂವಿನ ಹಾಗೆ ಹೋಯಿತು. ಹಟ್ಟಿಯಂಗಡಿಯ ಒಳದಾರಿಯ ಏರನ್ನೂ ಗೊಣಗದೆ ಹತ್ತಿತು. "ಕಂಡ್ರ್ಯಾ ಮಾವ, ಹ್ಯಾಂಗ್ ಎಳಿತ್!" ಎಂದು ಕೂಗಿದೆ. ಅವರು ತೊಡೆಯ ಮೇಲಿನ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.

ದೇವರಿಗೆ ಕಾಯಿ ಒಪ್ಪಿಸಿ ಹೊರಗೆ ಬಂದಾಗ, ಪ್ರಸಾದದ ಪಂಚಕಜ್ಜಾಯದಲ್ಲಿ ಒಂದು ಚಿಟಿಕೆ ಮಾತ್ರ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ನನ್ನ ಕೈಗೆ ಹಾಕಿದರು. ಮುಖ ಸಪ್ಪಗಿತ್ತು. "ಹೆಣ್ಣೆ, ನಂಗೆಂತದೂ ಗೊತ್ತಾಯ್ಲಿಲ್ಲೆ. ಮೊದ್ಲ್ ನಾನ್ ಕೂತ ಕೂಡ್ಲೆ ಗಾಡಿಯೇ ಮಾತಾಡ್ತಿತ್ತ್. ಭಾರಕ್ಕೇನೋ ತೆಂಗಿನ್ಕಾಯಿ ತಂದೆ. ತೆಂಗಿನ್ಕಾಯಿಗೆ ಎಂತ ಗೊತ್ತಾತ್ತ್?" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರನ್ನು ಎಳೆದುಕೊಂಡು ಬಂದು ತಪ್ಪು ಮಾಡಿದೆನೇನೋ ಅನ್ನಿಸಿತು. ಗಾಡಿ ಸ್ಟಾರ್ಟ್ ಮಾಡಿದೆ.

ಬರುವಾಗ ಕಾಯಿಯ ಭಾರ ಇರಲಿಲ್ಲ. ಹೋಗುವಾಗ ಹತ್ತಿದ್ದ ಅದೇ ಏರನ್ನು ಆಕ್ಸಿಲರೇಟರ್ ಬಿಟ್ಟು ಇಳಿಯುತ್ತಿದ್ದಾಗ ಮಾವ ನನ್ನ ಬೆನ್ನಿಗೆ ಪಟಪಟ ಹೊಡೆದರು.

"ನಿಲ್ಸ್! ತಿರ್ಗಿ ಮೇಲ್ ಹೋಗ್."

ಮತ್ತೆ ಹತ್ತಿದೆ, ಮತ್ತೆ ಇಳಿದೆ. ಕೆಳಗೆ ತಲುಪಿದಾಗ ಮಾವ ಇಳಿದು ಸೊಂಟ ಒತ್ತಿಕೊಂಡು ನಿಂತರು. ಮುಖದಲ್ಲಿ ನಾನು ಒಂದು ವರ್ಷದಿಂದ ಕಾಣದ ನಗು.

"ಎಲುಬಿಗ್ ತಾಗತ್ತ್, ಹೆಣ್ಣೆ! ಏರ್ ಹತ್ತುವತ್ತಿಗಲ್ಲ, ಇಳಿವತ್ತಿಗೆ. ಒಳ್ಗೆ ಎಂತದೋ ಕಟಕಟ ಅಂತ್. ಈಗ ಆಕ್ಸಿಲರೇಟರ್ ಒಮ್ಮೆ ಜೋರ್ ತಿರ್ಪ್ ಕಾಂಬ."

ತಿರುಗಿಸಿದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬುಸ್ಸೆಂದಿತು. ಇಂಜಿನ್ ಆಯಿಲ್ ಸುಡುತ್ತಿದೆ ಎನ್ನುವುದು ನನಗೂ ಗೊತ್ತಾಯಿತು.

"ಕಳ್ದ ವರ್ಷದ್ ನಾನಾದ್ರೆ ಈ ಗಾಡಿ ಪಾಸ್ ಮಾಡ್ತಿದ್ದೆ" ಎಂದರು ಮಾವ. "ಅಷ್ಟ್ ಮಾಂಸ ಇಟ್ಕಂಡ್ ಇಷ್ಟ್ ಸಣ್ಣ ಕಟಕಟ ಎಲ್ಲಿ ಗೊತ್ತಾತ್ತಿತ್ತ್!"

ಆದರೂ ನನಗೆ ಆ ಕೆಂಪು ಬಣ್ಣದ ಆಸೆ. "ಇಂಜಿನ್ ಕೆಲ್ಸ ಮಾಡ್ಸಿದ್ರೆ ಆತಿಲ್ಯಾ ಮಾವ? ಉಳ್ದದ್ದೆಲ್ಲ ಸರಿ ಇತ್ತಲ್ಲ" ಅಂದೆ.

"ಮಾಡ್ಸುಕ್ ಆತ್ತ್. ಆದ್ರೆ ಒಂದ್ ಸಲ ಬಿಚ್ಚಿದ್ ಇಂಜಿನ್ ಯಾವತ್ತ್ ಕೈ ಕೊಡ್ತ್ ಅಂದ್ ಯಾರ್ ಹೇಳ್ತ್ರ್? ನೀನ್ ಬೆಳ್ಕ್ ಹರಿಯುಕ್ ಮೊದ್ಲ್ ಹೊರ್ಡುವಳ್. ನಮ್ಮ್ ರಬ್ಬರ್ ತೋಟದ್ ಒಳದಾರಿಲಿ ಗಾಡಿ ನಿಂತ್ರೆ ಯಾರನ್ನ ಕರಿತೆ? ಅಲ್ಲಿ ಲ್ಯಾಬಲ್ಲಿ ನನ್ನಂತವ್ರ್ ರಕ್ತ ಕೊಡುಕೆ ಖಾಲಿ ಹೊಟ್ಟೆಲಿ ಕೂಕಂಡಿರ್ತ್ರ್."

ನಾನು ಗಾಡಿಯನ್ನು ತ್ರಾಸಿಯ ಕಡೆಗೆ ತಿರುಗಿಸಿದೆ.

ತ್ರಾಸಿಯಲ್ಲಿ ಬೀಗದ ಕೈ ಕೊಡುತ್ತಾ ಮಾವ ಹಳೇ ಗತ್ತಿನಲ್ಲೇ ಹೇಳಿದರು: "ಗಣಪತಿ ಇನ್ನೂ ಮನಸ್ ಮಾಡ್ಲಿಲ್ಲ, ರತೀಶಾ."

ರತೀಶ್ ತಲೆ ಕೆರೆದುಕೊಂಡು ನಕ್ಕುಬಿಟ್ಟ. "ಆ ಹೊಗೆ ಗಣಪತಿಗೂ ಕಂಡ್ತಾ ಹಾಂಗಾರೆ?" ಎಂದು ನಮಗೆ ಚಾ ಕುಡಿಸಿಯೇ ಕಳುಹಿಸಿದ. ಸಕ್ಕರೆ ಇಲ್ಲದ್ದು ಒಂದು, ಇದ್ದದ್ದು ಎರಡು.

ಮುಂದೆ ಬ್ರಹ್ಮಾವರದಲ್ಲಿ ಒಬ್ಬ ಮೇಷ್ಟ್ರ ಬೂದು ಬಣ್ಣದ ಗಾಡಿ ನನಗೆ ಸಿಕ್ಕಿತು. ನೋಡಲು ಏನೂ ಚಂದವಿಲ್ಲ, ಇವತ್ತಿನವರೆಗೆ ಒಂದು ಬೆಳಿಗ್ಗೆಯೂ ಕೈ ಕೊಟ್ಟಿಲ್ಲ. ಆದರೆ ಆ ಭಾನುವಾರ ನಾವು ಹೋದ ಹಾಗೆಯೇ ಬಸ್ಸಿನಲ್ಲಿ ವಾಪಸ್ಸು ಬಂದೆವು. ಸಿದ್ದಾಪುರದಲ್ಲಿ ಇಳಿದಾಗ ಯತೀಶ್ ಹೋಟೆಲಿನ ಎದುರು ನಿಂತಿದ್ದ. ಜನ ಕಂಡರೆ ತಲೆ ತಗ್ಗಿಸಿ ಅಂಗಡಿ ಸೇರುತ್ತಿದ್ದ ಮಾವ, ಅಂದು ರಸ್ತೆಯ ಆಚೆ ಬದಿಯಿಂದಲೇ ಕರೆದರು.

"ಹ್ವಾಯ್ ಯತೀಶಾ! ನಿನ್ ಬೈಕ್ ಕಾಂಬುಕೆ ಯಾವತ್ತ್ ಹೋಪ?"

"ನಿಮ್ಗ್ ಭಾರ ಇಲ್ಲೆ ಅಂದಿದ್ರಿ ಅಲ್ದಾ?"

"ಭಾರ ಬೇಕಾರೆ ನೀನೊಂದ್ ಚೀಲ ಕಾಯಿ ತಕಂಡ್ ಬಾ" ಎಂದರು ಮಾವ. "ಹಿಂದೆ ಕೂಕಂಬುಕೆ ನಾನ್ ಬತ್ತೆ."