ಶಟರಿನ ಮೇಲಿನ ಬಲ್ಬು

ನನ್ನ ಮೊದಲ ಕೆಲಸ ಉಳಿಯುತ್ತದೋ ಹೋಗುತ್ತದೋ ಎನ್ನುವುದು ಒಂದು ಬಲ್ಬಿನ ಮೇಲೆ ನಿಂತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ನಂಬಲಿಲ್ಲ, ನನ್ನ ಅಮ್ಮನೂ ಸೇರಿ.

ಅರವತ್ತರ ದಶಕದ ಕೊನೆಯ ಮಾತು. ಸಾಗರದಲ್ಲಿ ಒಂದೇ ಒಂದು ಬಸ್ಸು ಇಟ್ಟುಕೊಂಡಿದ್ದ ಮಾಲೀಕರೊಬ್ಬರ ಶೆಡ್ಡಿನಲ್ಲಿ ನಾನು ರೈಟರಾಗಿ ಸೇರಿದ್ದೆ. ರೈಟರು ಎಂದರೆ ಟ್ರಿಪ್ಪು, ಪಾರ್ಸೆಲ್ಲುಗಳನ್ನು ಬರೆದಿಡುವ ಗುಮಾಸ್ತ. ಮೂರು ತಿಂಗಳು ನೋಡುತ್ತೇನೆ, ಆಮೇಲೆ ಕಾಯಂ ಎಂದಿದ್ದರು ಮಾಲೀಕರು. ಅವರ ಷರತ್ತು ಒಂದೇ. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಬೆಳಿಗ್ಗೆ ಆರಕ್ಕೆ ಸರಿಯಾಗಿ ಶೆಡ್ಡು ಬಿಡಬೇಕು. ನಮ್ಮ ಮನೆಯಲ್ಲಿ ಆಗ ಸಂಬಳ ಎನ್ನುವುದು ಬರುತ್ತಿದ್ದದ್ದು ನನ್ನೊಬ್ಬನಿಗೆ.

ಆ ವರ್ಷ ಮಾಲೀಕರು ಶೆಡ್ಡಿನ ಹಳೆಯ ಮರದ ಬಾಗಿಲು ಕೀಳಿಸಿ, ಶಿವಮೊಗ್ಗದಿಂದ ಕಬ್ಬಿಣದ ರೋಲಿಂಗ್ ಶಟರ್ ತರಿಸಿದ್ದರು. ನಮ್ಮ ಬೀದಿಗೆ ಅದೇ ಮೊದಲನೆಯದು. ಅದೇ ವಾರ ಶೆಡ್ಡಿಗೆ ಕರೆಂಟೂ ಬಂತು. ಎರಡು ಸಂಭ್ರಮವೂ ಒಂದೇ ಕಡೆ ಕಾಣಲಿ ಎಂದು, ಶಟರು ಸುತ್ತಿಕೊಳ್ಳುವ ತಗಡಿನ ಪೆಟ್ಟಿಗೆಗೇ ಬಲ್ಬು ಹೊಡೆಸಿದರು. ಆಚೆ ಗೋಡೆಗೆ ಹಾಕಿಸಿದರೆ ಒಳ್ಳೆಯದಿತ್ತು ಎಂದು ನಾನೊಮ್ಮೆ ಹೇಳಿ ನೋಡಿದೆ. "ನೀನು ಬರೆಯೋಕೆ ಬಂದೋನು, ಬರಿ" ಎಂದರು.

ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಹೋಗಿ, ಕಂಡಕ್ಟರೂ ನಾನೂ ಎರಡು ತುದಿ ಹಿಡಿದು ಶಟರು ಎತ್ತುತ್ತಿದ್ದೆವು. ಬೀದಿಯ ನಾಯಿಗಳೆಲ್ಲ ಎದ್ದು ಬೊಗಳುವಷ್ಟು ಸದ್ದು. ಪೆಟ್ಟಿಗೆ ಗಡಗಡ ನಡುಗುತ್ತಿತ್ತು. ಬಲ್ಬು ಒಮ್ಮೆ ಫಳ್ಳನೆ ಬೆಳಗಿ ಆರಿಹೋಗುತ್ತಿತ್ತು.

ಆರಿದರೆ ಆರಲಿ ಎನ್ನುವ ಹಾಗಿರಲಿಲ್ಲ. ನಮ್ಮ ಡ್ರೈವರು ಐವತ್ತರ ಹತ್ತಿರದವರು, ಮಾತು ಕಡಿಮೆ, ಹಟ ಜಾಸ್ತಿ. ಬಂದವರೇ ಸ್ವಿಚ್ ಹಾಕಿ, ಬಲ್ಬಿನ ಕಡೆ ತಲೆಯೆತ್ತಿ ನಿಂತು, ಎದೆಯ ಹತ್ತಿರ ಕೈ ಜೋಡಿಸುತ್ತಿದ್ದರು. ದೀಪ ಹಾಕಿದಾಗ ಕೈಮುಗಿಯುವುದು ನಮಗೆಲ್ಲ ಅಭ್ಯಾಸವೇ. ಆದರೆ ಇವರಿಗೆ ಬಸ್ಸು ಬಾಗಿಲು ದಾಟುವ ತನಕ ದೀಪ ಉರಿಯಬೇಕು. ನಡುವೆ ಆರಿತೋ, ಸೀಟಿನಿಂದ ಇಳಿದು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು.

"ಬೇರೆ ಬಲ್ಬ್ ಹಾಕಿ ರೈಟ್ರೇ. ಹಿಂಗೆ ಆರಿದ್ರೆ ನಾನು ಗಾಡಿ ತೆಗ್ಯಲ್ಲ."

ಅವರಿಗೆ ಬೈಯುವ ಧೈರ್ಯ ಮಾಲೀಕರಿಗೂ ಇರಲಿಲ್ಲ. ಆ ದಾರಿಯ ತಿರುವುಗಳಲ್ಲಿ ಆ ಮುದಿ ಬಸ್ಸು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹಾಗಾಗಿ ಬೈಗುಳವೆಲ್ಲ ನನ್ನ ಪಾಲಿಗೆ ಬಂತು.

ನಾನು ಬಲ್ಬಿನಂಗಡಿಗೆ ಅಲೆಯತೊಡಗಿದೆ. ನಲವತ್ತು ವ್ಯಾಟಿನದು ಆರಿದರೆ ನೂರರದು ಗಟ್ಟಿಯಿರಬೇಕು ಎಂದುಕೊಂಡು ನೂರರದು ತಂದೆ. ಅದು ಇನ್ನೂ ಬೇಗ ಹೋಯಿತು. ಹಾಗಾದರೆ ಸಣ್ಣದೇ ಬದುಕೀತು ಎಂದು ಜೀರೋ ಬಲ್ಬು ಹಾಕಿದೆ. ಅದರ ಬೆಳಕು ಎಷ್ಟಿತ್ತೆಂದರೆ, ಅದು ಉರಿಯುತ್ತಿದೆಯೋ ಇಲ್ಲವೋ ಎಂದು ಡ್ರೈವರು ಬ್ಯಾಟರಿ ಬಿಟ್ಟು ನೋಡಿದರು.

ಆಗ ಕಂಡಕ್ಟರು ಒಂದು ಉಪಾಯ ಹೇಳಿದ. "ಶಟರಿಂದು ಎಂತ ಕುಲುಕಾಟ ಮಾರಾಯ್ರೆ. ನಮ್ ದಾರಿ ಕುಲುಕಾಟ ತಡ್ಕೊಂಡ ಬಲ್ಬು ಯಾವ್ದನ್ನೂ ತಡ್ಕೊಳ್ತದೆ. ಬಸ್ಸಲ್ಲಿ ಹಾಕಿ ಕಳ್ಸಿ."

ಈ ಮಾತು ನನಗೆ ಬಹಳ ಶಾಸ್ತ್ರೀಯವಾಗಿ ಕಂಡಿತು. ಮರುದಿನ ಆರು ಬಲ್ಬುಗಳು ಹಿಂದಿನ ಸೀಟಿನಲ್ಲಿ ತೀರ್ಥಹಳ್ಳಿಗೆ ಹೊರಟವು. ಹುಲ್ಲು ಸುತ್ತಿ ಇಡೋಣ ಎಂದರೆ ಕಂಡಕ್ಟರು ಒಪ್ಪಲಿಲ್ಲ, ಪರೀಕ್ಷೆಯಲ್ಲಿ ನಕಲು ಮಾಡಿದಂತೆ ಎಂದ. ಹೊಸನಗರದಲ್ಲಿ ಹತ್ತಿದವರೊಬ್ಬರು ಇವಕ್ಕೆ ಟಿಕೆಟ್ ಆಗಿದೆಯೇ ಎಂದು ಜಗಳ ತೆಗೆದರಂತೆ. ಹುಂಚದ ಹತ್ತಿರ ಒಬ್ಬ ಹೆಂಗಸು ಪಾಪ ಎಂದು ಎರಡನ್ನು ಮಡಿಲಲ್ಲಿ ಇಟ್ಟುಕೊಂಡಳಂತೆ. ಆ ಎರಡನ್ನು ಕಂಡಕ್ಟರು ಅಲ್ಲಿಯೇ ಫೇಲು ಮಾಡಿದ. ಸಂಜೆ ಬಸ್ಸು ಬಂದಾಗ ನಾನು ಉಳಿದ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗಿನ ತಂತಿ ಹರಿದಿದ್ದರೆ ಟಿಣ್ ಟಿಣ್ ಎನ್ನುತ್ತದೆ, ಸರಿಯಿದ್ದರೆ ಸದ್ದಿಲ್ಲ. ಮೂರು ಪಾಸಾಗಿದ್ದವು.

ಪಾಸಾದ ಮೂರೂ ಮುಂದಿನ ಮೂರು ಬೆಳಿಗ್ಗೆ ಶಟರು ಅರ್ಧಕ್ಕೆ ಬರುವ ಮೊದಲೇ ಹೋದವು. ಪರೀಕ್ಷೆ ಬರೆದೇ ಅವುಗಳ ಆರೋಗ್ಯ ಕೆಟ್ಟಿತ್ತು. ಮೂರನೆಯ ದಿನ ಬಸ್ಸು ಹೊರಟಾಗ ಆರೂವರೆ. ಮಾಲೀಕರು ನನ್ನನ್ನು ಕರೆದರು. "ಇನ್ನೊಂದ್ಸಲ ತಡ ಆದ್ರೆ ನೀನು ಬೇರೆ ಕಡೆ ಕೆಲ್ಸ ನೋಡ್ಕೋ."

ಅಂಗಡಿಯವನ ಹತ್ತಿರ ಹೋಗಿ ಗೋಳು ಹೇಳಿಕೊಂಡೆ. ಅವನು ತಣ್ಣಗೆ, "ಬಲ್ಬ್ ಉರೀವಾಗ ಒಳಗಿನ ತಂತಿ ಕಾದು ಮೆತ್ತಗಿರುತ್ತೆ. ಆರಿಸಿ ಶಟರ್ ಎತ್ತಿ, ಆಮೇಲೆ ಹಾಕಿ" ಎಂದ.

"ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವು ಬಲ್ಬ್ ಕೇಳಿದ್ರಿ. ಕೊಟ್ಟೆ."

ಮರುದಿನ ನಾನೇ ಸ್ವಿಚ್ ಆರಿಸಿ, ಕತ್ತಲಲ್ಲೇ ಶಟರು ಎತ್ತಿಸಿ, ಆಮೇಲೆ ದೀಪ ಹಾಕಿದೆ. ಬಲ್ಬು ಬದುಕಿತ್ತು. ನಾನು ಗೆದ್ದ ಮುಖ ಮಾಡಿ ತಿರುಗಿದರೆ ಡ್ರೈವರು ಬಸ್ಸು ಹತ್ತದೆ ನಿಂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಉರೀತಿದೆಯಲ್ಲ ಅಣ್ಣ, ಇನ್ನೇನು? ಈ ಮೂಢನಂಬಿಕೆಗೆ ನನ್ನ ಕೆಲಸ ಹೋಗುತ್ತೆ" ಎಂದುಬಿಟ್ಟೆ.

ಅವರು ಬಲ್ಬನ್ನೇ ನೋಡುತ್ತ ಹೇಳಿದರು. "ನಮ್ಮೂರು ಶರಾವತಿ ಹಿನ್ನೀರಲ್ಲಿ ಹೋತು. ಅಳತೆಗೆ ಬಂದೋರು ಹೇಳಿದ್ರು, ನೀವು ಊರು ಬಿಟ್ಟು ಎದ್ರೆ ಊರೂರಿಗೆ ದೀಪ ಹತ್ತುತ್ತೆ ಅಂತ. ಎದ್ವಿ. ಬರೋ ದಿನ ನಮ್ಮವ್ವ ಚಿಮಣಿ ಆರ್ಸಿ ಬಾಗ್ಲು ಎಳ್ದಳು. ದೀಪ ಆರ್ಸಿ ಬಾಗ್ಲು ಮುಟ್ಟೋದು ಒಂದ್ಸಲ ಮಾಡಿದೀವಿ, ಸಾಕು." ಬಲ್ಬಿನ ಕಡೆ ಕೈ ತೋರಿಸಿ, "ನಾನು ಇದಕ್ಕೆ ಕೈ ಮುಗೀತೀನಿ ಅಂದ್ಕಂಡ್ರಾ? ಕೈ ಕೈ ಹಿಡ್ಕಂಡು ನಿಂತು, ಉರೀತಾ ಇದ್ಯಾ ಅಂತ ನೋಡ್ತೀನಿ. ಇದೂ ಆರೋದಾದ್ರೆ ನಾವು ಎದ್ದಿದ್ದು ಎಂತಕ್ಕೆ?" ಎಂದರು.

ಆಮೇಲೆ ನನ್ನ ಮುಖ ನೋಡಿ, "ನಡೀರಿ, ನಿಮ್ ಕೆಲ್ಸ ಹೋಗೋದು ಬ್ಯಾಡ" ಎಂದು ಬಸ್ಸು ಹತ್ತಿದರು. ಆರಕ್ಕೆ ಸರಿಯಾಗಿ ಬಸ್ಸು ಹೋಯಿತು. ನನಗೆ ನಾಚಿಕೆಯಾಯಿತು.

ಗೋಡೆಯ ಮಾತನ್ನು ಮಾಲೀಕರ ಮುಂದೆ ಮತ್ತೆ ಎತ್ತುವಂತಿರಲಿಲ್ಲ. ಅಂದೇ ಹೋಲ್ಡರನ್ನು ಪೆಟ್ಟಿಗೆಯಿಂದ ಬಿಚ್ಚಿಸಿ ವೈರು ಉದ್ದ ಮಾಡಿಸಿದೆ. ಹಾಗೇ ಇಳಿಬಿಟ್ಟರೆ ತೂಗಾಡಿ ಶಟರಿಗೆ ಬಡಿಯುತ್ತಿತ್ತು. ಹಾಗಾಗಿ ಪ್ರತಿ ಬೆಳಿಗ್ಗೆ ನಾನು ರಬ್ಬರ್ ಚಪ್ಪಲಿ ಮೆಟ್ಟಿ, ಸ್ಟೂಲು ಹತ್ತಿ, ಉರಿಯುವ ಬಲ್ಬಿನ ಹೋಲ್ಡರನ್ನು ಕೂಸು ಹಿಡಿದಂತೆ ಹಿಡಿದು ನಿಲ್ಲುತ್ತಿದ್ದೆ. ಕಂಡಕ್ಟರು ಬೈದುಕೊಳ್ಳುತ್ತ ಒಬ್ಬನೇ ಶಟರು ಎತ್ತುತ್ತಿದ್ದ. ಬಸ್ಸು ದಾಟಿದ ಮೇಲೆ ಇಳಿಯುತ್ತಿದ್ದೆ. ಒಂದೇ ಬಲ್ಬು, ಅದೂ ನಲವತ್ತರ ಸಾಧಾರಣ ಬಲ್ಬು, ನನ್ನ ಮೂರು ತಿಂಗಳು ಮುಗಿಯುವ ತನಕ ಬಂತು.

ಆ ಕೊನೆಯ ದಿನ ಮಾಲೀಕರು ಗಡಿಯಾರ ಕಟ್ಟಿಕೊಂಡು ಬಂದು ಶಟರಿನ ಹೊರಗೆ ನಿಂತರು. ಒಳಗೆ ನಾನು ಸ್ಟೂಲು ಹತ್ತಿದೆ. ಡ್ರೈವರು ಸ್ವಿಚ್ ಹಾಕಿದರು. ಹತ್ತಲಿಲ್ಲ. ಇಡೀ ಬೀದಿಗೆ ಕರೆಂಟು ಇರಲಿಲ್ಲ.

ಬಲ್ಬು ತಿರುಗಿಸಿ ತೆಗೆದು, ಕೆಳಗಿಳಿದು, ಡ್ರೈವರ ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ. ಅವರು ಅದನ್ನು ಇಸಿದುಕೊಂಡು ಇನ್ನೊಂದು ಕಿವಿಗೂ ಹಿಡಿದು ಅಲ್ಲಾಡಿಸಿದರು.

"ಹಂಗಾದ್ರೆ ನಮ್ ಕಡೆಯಿಂದ ತಪ್ಪಿಲ್ಲ" ಎಂದು ಬಲ್ಬನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಎತ್ತಿ."

ಆರಕ್ಕೆ ಬಸ್ಸು ಹೊರಟಿತು. ಮಾಲೀಕರು ಗಡಿಯಾರ ನೋಡಿ ತೃಪ್ತಿಯಿಂದ ಒಳಗೆ ಬಂದರು. ನೀನು ಕಾಯಂ ಎಂದು ಹೇಳಿ, ಕೊನೆಗೆ ಯಾವ ಬಲ್ಬು ಹಾಕಿದೆ ಎಂದು ಕೇಳಿದರು.

"ನಲವತ್ತರದ್ದು."

ಅವರು ಖಾಲಿ ಹೋಲ್ಡರಿನ ಕಡೆ ನೋಡಿದರು. "ಎಲ್ಲಿದೆ?"

"ತೀರ್ಥಹಳ್ಳಿಗೆ ಹೋಗಿದೆ" ಎಂದೆ.

ಸಂಜೆ ಬಸ್ಸು ಬರುವಷ್ಟರಲ್ಲಿ ಕರೆಂಟು ಬಂದಿತ್ತು. ಡ್ರೈವರು ತಾವೇ ಸ್ಟೂಲು ಹತ್ತಿ, ಜೇಬಿನಿಂದ ಬಲ್ಬು ತೆಗೆದು ಹಾಕಿದರು. ಅದು ಹತ್ತಿದ್ದನ್ನು ನೋಡಿಕೊಂಡು ಮನೆಗೆ ಹೋದರು.